ಬರೆದುಕೊಟ್ಟ ಭಾಷಣ ಮತ್ತು ಸ್ವಂತ ಮಾತು: ಮಲಾಲಾಳಿಂದ ನಾನು ಕಲಿತದ್ದು

ಕಳೆದ ವರ್ಷ ಉಪಜಿಲ್ಲಾ ಶಾಲಾ ಕಲೋತ್ಸವದ ಮೊದಲು ನನ್ನ ತಂಗಿಯ ಮಗಳು ಒಂದು ನೋಟು ಪುಸ್ತಕ ಹಿಡಿದುಕೊಂಡು ಮನೆಗೆ ಬಂದಳು. ಕನ್ನಡ ಭಾಷಣ ಸ್ಪರ್ಧೆಗೆ ಅವಳ ಹೆಸರು ಕೊಟ್ಟಿದ್ದರು. ವಿಷಯ ಮಕ್ಕಳ ಶಿಕ್ಷಣ. "ಮಾಮ, ನೀವು ಬರೆದುಕೊಡಿ, ನಾನು ಬಾಯಿಪಾಠ ಮಾಡುತ್ತೇನೆ" ಎಂದಳು. ನಾನು ಒಂದು ರಾತ್ರಿ ಕುಳಿತು ಮೂರು ಪುಟ ಬರೆದೆ. ಸಂವಿಧಾನದ 21-ಎ ವಿಧಿ, 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ನಡುವೆ ಮಲಾಲಾ ಯೂಸುಫ್‌ಝಾಯಿಯ ಹೆಸರು, ಕೊನೆಗೆ ಚಪ್ಪಾಳೆ ಬೀಳುವಂಥ ನಾಲ್ಕು ಸಾಲು. ಮರುದಿನ ಅವಳು ಅದನ್ನು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಇದೆಲ್ಲ ನಿಮ್ಮ ಮಾತು ಮಾಮ. ಇದರಲ್ಲಿ ನನ್ನದು ಯಾವುದು?"

ಉತ್ತರ ಹೊಳೆಯಲಿಲ್ಲ. ಅಷ್ಟು ಸುಲಭವಾಗಿ ನಾನು ಬರೆದುಹಾಕಿದ್ದ ಆ ಮಲಾಲಾಳೇ ಒಂದು ಕಾಲದಲ್ಲಿ ಇದೇ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿದ್ದಳು ಎಂಬುದು ನೆನಪಾದದ್ದು ಆಮೇಲೆ. ಅವಳ ಕಥೆಯನ್ನು ಮತ್ತೆ ಓದಿದೆ. ಈ ಸಲ ಗುಂಡೇಟಿನ ಕಥೆಯಾಗಿ ಅಲ್ಲ, ಒಂದು ಮನೆಯಲ್ಲಿ ಮಾತು ಹೇಗೆ ಬೆಳೆಯಿತು ಎಂಬ ಕಥೆಯಾಗಿ.

ಆ ಕಥೆ ಒಬ್ಬ ಇಮಾಮರಿಂದ ಶುರುವಾಗುತ್ತದೆ. ಮಲಾಲಾಳ ಅಜ್ಜ ರೂಹುಲ್ ಅಮೀನ್ ವಾಯುವ್ಯ ಪಾಕಿಸ್ತಾನದ ಶಾಂಗ್ಲಾ ಎಂಬ ಗುಡ್ಡಗಾಡಿನವರು. ಸರಕಾರಿ ಹೈಸ್ಕೂಲಿನಲ್ಲಿ ಧರ್ಮಶಾಸ್ತ್ರದ ಅಧ್ಯಾಪಕರು, ಊರ ಮಸೀದಿಯ ಇಮಾಮರು. ದೇಶ ವಿಭಜನೆಗೆ ಮುಂಚೆ ಭಾರತದಲ್ಲಿ ಓದಿದವರು. ಗಾಂಧೀಜಿ, ನೆಹರೂ, ಜಿನ್ನಾ, ಖಾನ್ ಅಬ್ದುಲ್ ಗಫಾರ್ ಖಾನ್ ಮುಂತಾದವರನ್ನು ಕಣ್ಣಾರೆ ಕಂಡವರು. ಅವರ ಶುಕ್ರವಾರದ ಖುತ್ಬಾ ಕೇಳಲು ಜನ ಬೆಟ್ಟ ಇಳಿದು ಬರುತ್ತಿದ್ದರಂತೆ. ನಮ್ಮ ಊರುಗಳಲ್ಲೂ ಒಳ್ಳೆಯ ಖತೀಬರ ಮಾತು ಕೇಳಲು ಪಕ್ಕದ ಮೊಹಲ್ಲಾದಿಂದ ಜನ ಬರುವುದು ಹೊಸತಲ್ಲ.

ಅಂಥ ಮಾತುಗಾರರ ಮಗ ಝಿಯಾಉದ್ದೀನ್‌ಗೆ ತೊದಲು. ಸುಮಾರು ಹದಿಮೂರನೆಯ ವಯಸ್ಸಿನಲ್ಲಿ ಆ ಹುಡುಗ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟಾಗ ಮನೆಯವರಿಗೆ ಆಶ್ಚರ್ಯ. ಭಾಷಣ ಬರೆದುಕೊಟ್ಟವರು ತಂದೆಯೇ. ಹುಡುಗ ಗುಡ್ಡದಲ್ಲಿ ಒಬ್ಬನೇ ನಡೆಯುತ್ತಾ ಅಭ್ಯಾಸ ಮಾಡಿದ, ವೇದಿಕೆಯಲ್ಲಿ ನಿಂತು ಹೇಳಿದ, ಮೊದಲ ಸ್ಥಾನ ಪಡೆದ. ತಂದೆ ಮಗನ ವಿಷಯದಲ್ಲಿ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಅದೇ ಮನೆಯ ಇನ್ನೊಂದು ಚಿತ್ರವೂ ಉಂಟು. ಝಿಯಾಉದ್ದೀನ್‌ಗೆ ಐವರು ಸಹೋದರಿಯರು. ಒಬ್ಬರನ್ನೂ ಶಾಲೆಗೆ ಕಳಿಸಲಿಲ್ಲ. ಕೋಳಿ ಬೇಯಿಸಿದ ದಿನ ಎದೆಯ ತುಂಡು ಗಂಡಸರಿಗೆ, ರೆಕ್ಕೆ ಮತ್ತು ಕುತ್ತಿಗೆ ಹುಡುಗಿಯರಿಗೆ. ಸಾವಿರ ಜನರ ಮನಸ್ಸು ತಿರುಗಿಸಬಲ್ಲ ಖುತ್ಬಾ ಹೇಳುತ್ತಿದ್ದ ಮನೆಯಲ್ಲಿ ಈ ಐವರ ಪರವಾಗಿ ಒಂದು ಮಾತೂ ಹುಟ್ಟಲಿಲ್ಲ. ಝಿಯಾಉದ್ದೀನ್ ದೊಡ್ಡವನಾದ ಮೇಲೆ ಇದನ್ನು ತಾನೇ ಹೇಳಿಕೊಂಡರು. ಇದನ್ನು ಓದುವಾಗ ನನಗೆ ನನ್ನದೇ ಒಂದು ಹಳೆಯ ವಿಷಯ ಚುಚ್ಚಿತು. ಅದನ್ನು ಕೊನೆಗೆ ಹೇಳುತ್ತೇನೆ.

ಝಿಯಾಉದ್ದೀನ್ ಸ್ವಾತ್ ಕಣಿವೆಯ ಮಿಂಗೋರಾ ಪಟ್ಟಣದಲ್ಲಿ ಶಾಲೆ ತೆರೆದರು. ಪಶ್ತೋ ಕವಿ ಖುಶಾಲ್ ಖಾನ್ ಖಟ್ಟಕ್ ಹೆಸರನ್ನು ಅದಕ್ಕೆ ಇಟ್ಟರು. 1997ರ ಜುಲೈ 12ರಂದು ಮಗಳು ಹುಟ್ಟಿದಾಗ, ಮುನ್ನೂರು ನಾನ್ನೂರು ವರ್ಷಗಳಿಂದ ಗಂಡಸರ ಹೆಸರು ಮಾತ್ರ ಇದ್ದ ಮನೆತನದ ವಂಶವೃಕ್ಷ ತೆಗೆದು, ತನ್ನ ಹೆಸರಿನಿಂದ ಒಂದು ಗೆರೆ ಎಳೆದು, ತುದಿಯಲ್ಲಿ ಮಲಾಲಾ ಎಂದು ಬರೆದರು. 1880ರಲ್ಲಿ ಅಫಘಾನಿಸ್ತಾನದ ಮೈವಂದ್ ಯುದ್ಧದಲ್ಲಿ ಹಿಮ್ಮೆಟ್ಟುತ್ತಿದ್ದ ಸೈನಿಕರನ್ನು ಮಾತಿನಿಂದ ಹುರಿದುಂಬಿಸಿದಳೆಂದು ಪಶ್ತೂನರು ನೆನೆಯುವ ಮಲಾಲೈ ಎಂಬ ಹುಡುಗಿಯ ಹೆಸರು ಅದು.

ತಾಯಿ ತೂರ್ ಪೆಕಾಯಿಯ ಕಥೆ ಬೇರೆ. ಆರನೆಯ ವಯಸ್ಸಿನಲ್ಲಿ ಶಾಲೆಗೆ ಸೇರಿದವರು ಅದೇ ವರ್ಷ ಬಿಟ್ಟರು. ಪುಸ್ತಕಗಳನ್ನು ಒಂಬತ್ತು ಆಣೆಗೆ ಮಾರಿ ಮಿಠಾಯಿ ತಿಂದರು. ಆಡಲು ಜೊತೆಗಾರ್ತಿಯರೆಲ್ಲ ಮನೆಯಲ್ಲೇ ಇರುವಾಗ ತಾನೊಬ್ಬಳೇ ಶಾಲೆಗೆ ಹೋಗುವುದು ಆ ಮಗುವಿಗೆ ಬೇಡವಾಗಿತ್ತು. ಗಂಡ ಪದ್ಯ ಬರೆದುಕೊಟ್ಟರೂ ಓದಲಾಗದ ದುಃಖ ಆಮೇಲೆ ಬಂತು.

ಇಂಥ ಮನೆಯಲ್ಲಿ ಬೆಳೆದ ಮಲಾಲಾ ಎಂಟು ಒಂಬತ್ತು ವರ್ಷದವಳಿದ್ದಾಗ ಭಾಷಣ ಸ್ಪರ್ಧೆಯಲ್ಲಿ ಭಾಗವಹಿಸಿದಳು. ಬರೆದುಕೊಟ್ಟವರು ಉಪ್ಪ. ಮಗಳು ಕಂಠಪಾಠ ಮಾಡಿ ಹೇಳಿದಳು. ಎರಡನೆಯ ಸ್ಥಾನ ಬಂತು, ಮೊದಲ ಸ್ಥಾನ ಅವಳ ಆಪ್ತ ಗೆಳತಿಗೆ. ಆ ಸೋಲಿನ ನಂತರ ಅವಳು ತನ್ನ ಭಾಷಣವನ್ನು ತಾನೇ ಬರೆಯಲು ಶುರುಮಾಡಿದಳು. ಕಾಗದ ನೋಡಿ ಹೇಳುವ ಬದಲು ಮನಸ್ಸಿನಲ್ಲಿದ್ದದ್ದನ್ನು ಹೇಳುವ ಅಭ್ಯಾಸ ಬೆಳೆಯಿತು. ಮುಂದೆ ವಿಶ್ವಸಂಸ್ಥೆಯಲ್ಲಿ ಜಗತ್ತು ಕೇಳಿದ ಮಾತಿನ ಬೇರು ಇರುವುದು ಇಲ್ಲಿ, ಒಂದು ಶಾಲಾ ಸ್ಪರ್ಧೆಯ ಎರಡನೆಯ ಬಹುಮಾನದಲ್ಲಿ.

ಅಷ್ಟರಲ್ಲಿ ಸ್ವಾತ್‌ನಲ್ಲಿ ಇನ್ನೊಂದು ಧ್ವನಿ ಮನೆಮನೆಗೆ ಬರತೊಡಗಿತ್ತು. 2006ರ ಸುಮಾರಿಗೆ ಫಝ್ಲುಲ್ಲಾ ಎಂಬಾತ ಪರವಾನಗಿ ಇಲ್ಲದ ಎಫ್‌ಎಂ ರೇಡಿಯೋದಲ್ಲಿ ಮಾತಾಡಲು ಶುರುಮಾಡಿದ. ಮೊದಮೊದಲು ಹೇಳಿದ್ದೆಲ್ಲ ಒಳ್ಳೆಯ ಮಾತೇ. ನಮಾಝ್ ಮಾಡಿ, ಕುರ್‌ಆನ್ ಓದಿ, ಸಿಗರೇಟು ಬಿಡಿ. ಗಂಡ ಪರದೇಶದಲ್ಲಿ, ತಾನು ಮನೆಯಲ್ಲಿ ಒಂಟಿ ಎಂಬ ಹೆಂಗಸರು ಬಹಳ ಮಂದಿ ಇದ್ದ ಪ್ರದೇಶ ಅದು. ಗಲ್ಫ್ ಮನೆಗಳಿರುವ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರು ಆ ಧ್ವನಿಯನ್ನು ನಂಬಿದರು, ಮೈಮೇಲಿನ ಚಿನ್ನ ಬಿಚ್ಚಿ ಕೊಟ್ಟರು. ಆಮೇಲೆ ಮಾತು ತಿರುಗಿತು. ಟಿವಿ ಬೇಡ, ಪೋಲಿಯೋ ಹನಿ ಬೇಡ, ಹೆಣ್ಣುಮಕ್ಕಳಿಗೆ ಶಾಲೆ ಬೇಡ. ಶಾಲೆ ಬಿಟ್ಟ ಹುಡುಗಿಯರ ಹೆಸರನ್ನು ಒಬ್ಬೊಬ್ಬರದಾಗಿ ರೇಡಿಯೋದಲ್ಲಿ ಓದಿ ಅಭಿನಂದಿಸುತ್ತಿದ್ದ. ತನ್ನ ಮಗಳ ಹೆಸರು ರೇಡಿಯೋದಲ್ಲಿ ಬಂತು ಎಂದು ಸಂತೋಷಪಡುವ ತಾಯಿಯನ್ನು ಊಹಿಸಿಕೊಳ್ಳಿ.

ಮನವೊಲಿಸುವ ಮಾತು ಎಂದರೆ ಯಾವಾಗಲೂ ಒಳ್ಳೆಯದೇ ಎಂದು ನಾವು ಭಾವಿಸುತ್ತೇವೆ. ಆದರೆ ಅದೂ ಮನವೊಲಿಸುವ ಮಾತೇ ಆಗಿತ್ತು, ಬಹಳ ಪಳಗಿದ ಮಾತು. ಮಾತು ಸಾಲದಿದ್ದಾಗ ಬಾಂಬು ಬಂತು. ನೂರಕ್ಕೂ ಹೆಚ್ಚು ಶಾಲೆಗಳು ನೆಲಸಮವಾದವು. 2009ರ ಜನವರಿ 15ರಿಂದ ಹೆಣ್ಣುಮಕ್ಕಳ ಶಾಲೆಗಳೆಲ್ಲ ಮುಚ್ಚಬೇಕು ಎಂದು ಆಜ್ಞೆಯಾಯಿತು.

ಇದರ ಎದುರು ಹನ್ನೊಂದು ವರ್ಷದ ಹುಡುಗಿ ಏನು ಹೇಳಬಹುದು? 2008ರ ಸೆಪ್ಟೆಂಬರ್‌ನಲ್ಲಿ ಉಪ್ಪ ಅವಳನ್ನು ಪೇಶಾವರದ ಪ್ರೆಸ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಅಲ್ಲಿ ಅವಳ ಭಾಷಣದ ತಲೆಬರಹವೇ ಒಂದು ಪ್ರಶ್ನೆ: ನನ್ನ ಕಲಿಯುವ ಹಕ್ಕನ್ನು ಕಸಿಯಲು ತಾಲಿಬಾನಿಗಳಿಗೆ ಎಷ್ಟು ಧೈರ್ಯ? ಅವಳು ಉಪದೇಶ ಮಾಡಲಿಲ್ಲ, "ನನ್ನ" ಎಂಬ ಒಂದು ಪದವನ್ನು ಬಿಡದೆ ಹಿಡಿದುಕೊಂಡಳು.

2009ರ ಜನವರಿ 3ರಿಂದ ಬಿಬಿಸಿ ಉರ್ದು ಜಾಲತಾಣದಲ್ಲಿ ಅವಳ ದಿನಚರಿ ಬರತೊಡಗಿತು, ಗುಲ್ ಮಕಾಯಿ ಎಂಬ ಗುಪ್ತ ಹೆಸರಿನಲ್ಲಿ. ಅದರಲ್ಲಿ ದೊಡ್ಡ ಮಾತು ಒಂದೂ ಇಲ್ಲ. ರಾತ್ರಿ ಹೆಲಿಕಾಪ್ಟರಿನ ಕೆಟ್ಟ ಕನಸು ಬಿತ್ತು. ತರಗತಿಯ 27 ಮಕ್ಕಳಲ್ಲಿ ಇವತ್ತು 11 ಮಂದಿ ಮಾತ್ರ ಬಂದಿದ್ದರು. ಯೂನಿಫಾರ್ಮ್ ಬೇಡ, ಸಾದಾ ಬಟ್ಟೆ ಹಾಕಿಕೊಂಡು ಬನ್ನಿ ಎಂದರು, ನಾನು ಇಷ್ಟದ ಗುಲಾಬಿ ಬಣ್ಣದ ಬಟ್ಟೆ ಹಾಕಿಕೊಂಡೆ. ಮರುಗಳಿಗೆಯಲ್ಲೇ, ಬಣ್ಣದ ಬಟ್ಟೆಯೂ ಬೇಡ ಎಂಬ ಸೂಚನೆ. ಇಷ್ಟೇ. ಆದರೆ ಸ್ವಾತ್‌ನ ಬಗ್ಗೆ ಬಂದ ಎಷ್ಟೋ ವರದಿಗಳಿಗಿಂತ ಈ ಗುಲಾಬಿ ಬಟ್ಟೆ ಓದುಗರ ಮನಸ್ಸಿನಲ್ಲಿ ಉಳಿಯಿತು. ರೇಡಿಯೋದವನು ಶಾಲೆ ಬಿಟ್ಟ ಹುಡುಗಿಯರ ಹೆಸರು ಓದುತ್ತಿದ್ದ, ಇವಳು ತರಗತಿಯಲ್ಲಿ ಖಾಲಿ ಉಳಿದ ಜಾಗಗಳನ್ನು ಎಣಿಸುತ್ತಿದ್ದಳು.

2012ರ ಅಕ್ಟೋಬರ್ 9, ಮಂಗಳವಾರ. ಪರೀಕ್ಷೆ ಮುಗಿಸಿ ಶಾಲೆಯ ವ್ಯಾನಿನಲ್ಲಿ ಮನೆಗೆ ಹೊರಟಿದ್ದ ಹದಿನೈದರ ಮಲಾಲಾಳ ಹೆಸರು ಕೇಳಿ ಗುಂಡು ಹಾರಿಸಿದರು. ಜೊತೆಗಿದ್ದ ಇಬ್ಬರು ಗೆಳತಿಯರಿಗೂ ಗಾಯವಾಯಿತು. ತಾಯಿ ತೂರ್ ಪೆಕಾಯಿ ಅಕ್ಷರ ಕಲಿಯಲು ಮಗಳ ಶಾಲೆಗೆ ಹೊರಟಿದ್ದು ಅದೇ ದಿನ. ಪೇಶಾವರ, ರಾವಲ್ಪಿಂಡಿ, ಆಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಆಸ್ಪತ್ರೆ. ಇದೆಲ್ಲ ನಿಮಗೆ ಗೊತ್ತಿರುವುದೇ.

ಒಂಬತ್ತು ತಿಂಗಳ ನಂತರ, 2013ರ ಜುಲೈ 12ರಂದು, ಹದಿನಾರನೆಯ ಹುಟ್ಟುಹಬ್ಬದ ದಿನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಮಲಾಲಾ ಮಾತಾಡಿದಳು. ಆ ಭಾಷಣವನ್ನು ಮಕ್ಕಳೊಂದಿಗೆ ಕುಳಿತು ಒಮ್ಮೆ ನೋಡಿ. ಪರಮ ದಯಾಳು, ಕರುಣಾಮಯಿ ಅಲ್ಲಾಹನ ನಾಮದಿಂದ ಶುರುಮಾಡುತ್ತಾಳೆ. ಹೆಗಲ ಮೇಲೆ ಬೇನಝೀರ್ ಭುಟ್ಟೋ ಅವರ ಶಾಲು. ತಾನು ಒಬ್ಬಳಲ್ಲ, ಅನೇಕರಲ್ಲಿ ಒಬ್ಬಳು ಎನ್ನುತ್ತಾಳೆ. ಗುಂಡು ಹಾರಿಸಿದವನ ಬಗ್ಗೆ ಏನು ಹೇಳುತ್ತಾಳೋ ಎಂದು ಸಭೆ ಕಾಯುತ್ತಿರುವಾಗ, ಅವನು ಎದುರು ನಿಂತು ನನ್ನ ಕೈಯಲ್ಲಿ ಬಂದೂಕು ಇದ್ದರೂ ನಾನು ಹೊಡೆಯಲಾರೆ ಎನ್ನುತ್ತಾಳೆ. ಆ ಕರುಣೆಯನ್ನು ತಾನು ಕಲಿತದ್ದು ಕಾರುಣ್ಯದ ಪ್ರವಾದಿ ಮುಹಮ್ಮದ್ (ಸ.ಅ.) ಅವರಿಂದ, ಈಸಾರಿಂದ, ಬುದ್ಧನಿಂದ ಎಂದು ಹೇಳುತ್ತಾಳೆ. ಗಾಂಧಿ ಮತ್ತು ಅವಳ ಅಜ್ಜ ಕಂಡಿದ್ದ ಗಫಾರ್ ಖಾನರ ಹೆಸರೂ ಬರುತ್ತದೆ. ತನಗೆ ಗುಂಡು ಹೊಡೆದವರ ಮಕ್ಕಳಿಗೂ ಶಿಕ್ಷಣ ಬೇಕು ಎಂದು ಕೇಳುತ್ತಾಳೆ.

ನಡುವೆ ಒಂದು ಸಣ್ಣ ಪ್ರಸಂಗ. ತಾಲಿಬಾನಿಗಳು ಶಿಕ್ಷಣಕ್ಕೆ ವಿರೋಧ ಯಾಕೆ ಎಂದು ಪತ್ರಕರ್ತರೊಬ್ಬರು ಅವಳ ಶಾಲೆಯ ಹುಡುಗನನ್ನು ಕೇಳಿದರಂತೆ. ಅವನು ತನ್ನ ಪುಸ್ತಕ ತೋರಿಸಿ, ಇದರೊಳಗೆ ಏನು ಬರೆದಿದೆ ಎಂದು ಅವರಿಗೆ ಗೊತ್ತಿಲ್ಲ ಎಂದನಂತೆ. ತಾಲಿಬ್ ಎಂದರೆ ವಿದ್ಯಾರ್ಥಿ, ಇಲ್ಮ್ ಅರಸುವವನು. ನಮ್ಮ ದರ್ಸುಗಳಲ್ಲಿ ಓದುವ ಮುತಅಲ್ಲಿಮರಿಗೆ ಸಲ್ಲುವ ಗೌರವದ ಪದ ಅದು. ಆ ಪದ ಅಲ್ಲಿ ಎಲ್ಲಿಗೆ ಬಂದು ಮುಟ್ಟಿತು ಎಂಬುದನ್ನು ಆ ಹುಡುಗ ಒಂದೇ ವಾಕ್ಯದಲ್ಲಿ ಹೇಳಿದ್ದ. ಮಲಾಲಾ ಅದನ್ನು ವಿವರಿಸಲು ಹೋಗಲಿಲ್ಲ, ಹೇಳಿ ಮುಂದೆ ಹೋದಳು.

ನಮ್ಮಲ್ಲಿ ಕೆಲವರಿಗೆ ಮಲಾಲಾ ಎಂದರೆ ಅಸಮಾಧಾನ ಉಂಟು, ನನಗೆ ಗೊತ್ತು. ಪಾಶ್ಚಾತ್ಯರು ಮೆರೆಸಿದ ಹುಡುಗಿ, ಡ್ರೋನ್ ದಾಳಿಯಲ್ಲಿ ಸತ್ತ ಮಕ್ಕಳಿಗೆ ಯಾರು ವೇದಿಕೆ ಕೊಟ್ಟರು ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ 2013ರ ಅಕ್ಟೋಬರ್‌ನಲ್ಲಿ ಶ್ವೇತಭವನಕ್ಕೆ ಹೋದಾಗ, ಡ್ರೋನ್ ದಾಳಿಯಿಂದ ಅಮಾಯಕರು ಸಾಯುತ್ತಾರೆ, ಅದು ಭಯೋತ್ಪಾದನೆಯನ್ನೇ ಬೆಳೆಸುತ್ತದೆ ಎಂದು ಅಧ್ಯಕ್ಷ ಒಬಾಮಾ ಅವರಿಗೆ ಹೇಳಿದವಳೂ ಅದೇ ಹುಡುಗಿ. ತನ್ನನ್ನು ಮೆರೆಸಿದವರ ಮನೆಯಲ್ಲೇ ಕುಳಿತು, ಅವರಿಗೆ ರುಚಿಸದ ಮಾತು ಹೇಳಿದಳು. ಬರೆದುಕೊಟ್ಟದ್ದನ್ನು ಒಪ್ಪಿಸುವವರಿಂದ ಇದು ಆಗುವ ಕೆಲಸವಲ್ಲ.

2014ರಲ್ಲಿ ನಮ್ಮ ದೇಶದ ಕೈಲಾಶ್ ಸತ್ಯಾರ್ಥಿ ಅವರ ಜೊತೆ ಅವಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಗ ವಯಸ್ಸು ಹದಿನೇಳು. ಡಿಸೆಂಬರ್ 10ರಂದು ಓಸ್ಲೋದಲ್ಲಿ ಮಾಡಿದ ಭಾಷಣದಲ್ಲಿ, ಕುರ್‌ಆನಿನ ಮೊದಲ ಪದ ಇಕ್ರಅ್, ಅಂದರೆ ಓದು, ಎಂದು ನೆನಪಿಸಿದಳು. ಎದುರಾಳಿಗಳು ಧರ್ಮದ ಹೆಸರಿನಲ್ಲಿ ಮಾತಾಡುತ್ತಿದ್ದರು. ಅವಳು ಧರ್ಮವನ್ನು ಅವರಿಗೆ ಬಿಟ್ಟುಕೊಟ್ಟು ಹೊರಗೆ ನಿಂತು ವಾದಿಸಲಿಲ್ಲ, ತನ್ನ ಮನೆಯಂತೆ ಒಳಗೇ ನಿಂತು ಮಾತಾಡಿದಳು. ಅದೇ ಭಾಷಣದಲ್ಲಿ ಒಬ್ಬ ಗೆಳತಿಯ ವಿಷಯ ಬರುತ್ತದೆ. ಡಾಕ್ಟರ್ ಆಗಬೇಕೆಂದಿದ್ದ ಹುಡುಗಿ. ಹನ್ನೆರಡಕ್ಕೆ ಮದುವೆ, ಹದಿನಾಲ್ಕಕ್ಕೆ ಕೈಯಲ್ಲಿ ಮಗು.

ಸ್ವಾತ್ ದೂರದ ಊರು. ಆದರೆ ಈ ಗೆಳತಿ ಯಾವ ಊರಿನವಳು? ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಒಮ್ಮೆ ಕೇಳಿ ನೋಡಿ.

ನಮ್ಮ ನೆಲದಲ್ಲೇ ಒಂದು ಉದಾಹರಣೆ ಇದೆ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ತಂದೆ ವಕೀಲರು. ಅವರು ಮಗಳನ್ನು ಕನ್ನಡ ಶಾಲೆಗೆ ಕಳಿಸಿದರು. ಆ ಭಾಗದಲ್ಲಿ ಹೈಸ್ಕೂಲು ಮುಗಿಸಿದ ಮೊದಮೊದಲ ಮುಸ್ಲಿಂ ಹುಡುಗಿಯರಲ್ಲಿ ಸಾರಾ ಒಬ್ಬರು. ಮುಂದೆ ಓದುವ ಆಸೆ ಆಗಿನ ಕಟ್ಟುಪಾಡಿನಲ್ಲಿ ಅಲ್ಲಿಗೇ ನಿಂತಿತು. ಒಂದು ಗ್ರಂಥಾಲಯದ ಸದಸ್ಯತ್ವ ಸಿಗಲು 1963ರವರೆಗೆ ಕಾಯಬೇಕಾಯಿತು. ಆದರೂ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದಾಗ ಕನ್ನಡ ನಾಡು ನಮ್ಮ ಮನೆಗಳ ಒಳಗಿನ ಹೆಣ್ಣಿನ ಧ್ವನಿಯನ್ನು ಕೇಳಿತು. ಎಲ್ಲೆಲ್ಲೂ ಇದೇ ಕ್ರಮ ಕಾಣುತ್ತದೆ. ಮಾತಾಡಿದ ಹೆಣ್ಣಿನ ಹಿಂದೆ ಅವಳನ್ನು ಶಾಲೆಗೆ ಬಿಟ್ಟ ಒಬ್ಬರು ಇರುತ್ತಾರೆ. ನಾನು ಅವಳ ರೆಕ್ಕೆ ಕತ್ತರಿಸಲಿಲ್ಲ ಅಷ್ಟೆ ಎಂದು ಝಿಯಾಉದ್ದೀನ್ ಹೇಳುವುದು ಇದನ್ನೇ.

ಈಗ ನನ್ನ ವಿಷಯ.

1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಎಂದು ಘೋಷಣೆಯಾಯಿತು. ಅದೇ ವರ್ಷ ಜೂನ್‌ನಲ್ಲಿ, ಏಳನೆಯ ತರಗತಿ ಪಾಸಾಗಿದ್ದ ನನ್ನ ತಂಗಿಯನ್ನು ಹೈಸ್ಕೂಲಿಗೆ ಸೇರಿಸಲಿಲ್ಲ. ಹೈಸ್ಕೂಲು ದೂರ, ದಾರಿಯಲ್ಲಿ ತೋಡು, ಮನೆಯಲ್ಲಿ ಬೀಡಿಯ ಕೆಲಸ. ಉಮ್ಮ ಬೀಡಿ ಕಟ್ಟುತ್ತಿದ್ದರು, ತಂಗಿ ತಡ್ಪೆ ಹಿಡಿದು ಪಕ್ಕದಲ್ಲಿ ಕುಳಿತಳು. ನಾನು ಹತ್ತನೆಯ ತರಗತಿಯಲ್ಲಿದ್ದೆ. ನನ್ನ ಪರೀಕ್ಷಾ ಫೀಸು ಹೋದದ್ದು ಆ ಬೀಡಿಯ ದುಡ್ಡಿನಿಂದ.

ಮೂರು ತಿಂಗಳಲ್ಲಿ ಮೀಲಾದ್ ಬಂತು. ಮದ್ರಸದ ವೇದಿಕೆಯಲ್ಲಿ ನನ್ನ ಭಾಷಣ, ವಿಷಯ ಇಲ್ಮಿನ ಮಹತ್ವ. ಬರೆದುಕೊಟ್ಟವರು ಉಸ್ತಾದರು. ವಿದ್ಯೆ ಗಂಡಿಗೂ ಹೆಣ್ಣಿಗೂ ಕಡ್ಡಾಯ ಎಂದು ಕೈ ಎತ್ತಿ ಹೇಳಿದೆ. ಮೊದಲ ಬಹುಮಾನ ಒಂದು ಸ್ಟೀಲ್ ತಟ್ಟೆ. ಪರದೆಯ ಆಚೆ ಹೆಂಗಸರ ನಡುವೆ ತಂಗಿಯೂ ಕುಳಿತು ಕೇಳುತ್ತಿದ್ದಳು. ಅವಳ ಓದು ನಿಂತದ್ದಕ್ಕೂ ನನ್ನ ಭಾಷಣಕ್ಕೂ ಸಂಬಂಧ ಉಂಟು ಎಂದು ನನಗೆ ಹೊಳೆಯಲೇ ಇಲ್ಲ. ಮೈಕಿನ ಮುಂದೆ ಐದು ನಿಮಿಷ ಹೇಳಿದ್ದನ್ನು ಮನೆಯಲ್ಲಿ ಉಪ್ಪನ ಮುಂದೆ ಒಂದು ವಾಕ್ಯವಾಗಿಯೂ ಹೇಳಲಿಲ್ಲ.

ಆ ತಂಗಿಯ ಮಗಳೇ ನೋಟು ಪುಸ್ತಕ ಹಿಡಿದುಕೊಂಡು ಬಂದವಳು. ನಾನು ಬರೆದ ಮೂರು ಪುಟವನ್ನು ಬದಿಗಿಟ್ಟು, "ನಿನ್ನ ಉಮ್ಮನನ್ನು ಕೇಳು, ಅವಳು ಎಲ್ಲಿಯವರೆಗೆ ಓದಿದ್ದು, ಯಾಕೆ ನಿಲ್ಲಿಸಿದ್ದು ಎಂದು" ಅಂದೆ. ಅವಳು ಕೇಳಿ ತಾನೇ ಬರೆದಳು. ಏಳನೆಯ ತರಗತಿಯ ಗಣಿತದಲ್ಲಿ ಉಮ್ಮನಿಗೆ ಸಿಕ್ಕ ಅಂಕ, ಉಮ್ಮ ಇಂದಿಗೂ ತೆಗೆದಿಟ್ಟಿರುವ ಆ ವರ್ಷದ ಕನ್ನಡ ಪಾಠಪುಸ್ತಕ, ಬೀಡಿ ಬ್ರಾಂಚಿನಲ್ಲಿ ಲೆಕ್ಕ ತಪ್ಪಿದಾಗ ಬಾಯಲ್ಲೇ ಕೂಡಿಸಿ ಸರಿಮಾಡುತ್ತಿದ್ದದ್ದು. ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ, ಒಂದೇ ಮನೆಯಲ್ಲಿ ಬೆಳೆದರೂ.

ಸ್ಪರ್ಧೆಯಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ಸಮಯ ಮೀರಿತು, ನಡುವೆ ಒಮ್ಮೆ ಗಂಟಲು ಕಟ್ಟಿತು. ಆ ಸಂಜೆ ಅಡುಗೆಮನೆಯಲ್ಲಿ ನಿಂತು ಉಮ್ಮನಿಗಾಗಿ ಇನ್ನೊಮ್ಮೆ ಹೇಳಿದಳು. ತಂಗಿ ಪತ್ತಿರಿಯ ಹಿಟ್ಟು ನಾದುತ್ತಾ ಕೇಳಿದಳು. ಮುಗಿದ ಮೇಲೆ ನನ್ನ ಕಡೆ ತಿರುಗಿ, ಆ ವರ್ಷ ನೀನು ಇದನ್ನು ಮನೆಯಲ್ಲಿ ಹೇಳಬಹುದಿತ್ತು ಎಂದಳು. ಸಿಟ್ಟಿನಿಂದಲ್ಲ. ಹೌದು ಎಂದೆ. ಬೇರೆ ಏನು ಹೇಳಲಿ.

ಹುಡುಗಿ ಈಗ ಹತ್ತನೆಯ ತರಗತಿ. ಪ್ಲಸ್ ವನ್ ದೂರವಾಗುತ್ತದೆ, ಒಂದು ಒಳ್ಳೆಯ ಸಂಬಂಧವೂ ಕೇಳಿ ಬಂದಿದೆ ಎಂದು ಮನೆಯಲ್ಲಿ ಮಾತು ಶುರುವಾಗಿದೆ. ಮುಂದಿನ ಶುಕ್ರವಾರ ಜುಮಾ ಆದ ಮೇಲೆ ಹಿರಿಯರು ಕೂರುತ್ತಾರೆ. ಈ ಸಲ ನಾನು ಅಲ್ಲಿ ಇರುತ್ತೇನೆ, ಮಾತಾಡುತ್ತೇನೆ. ಆದರೆ ಅದಕ್ಕಿಂತ ಮೊದಲು ಅವಳಿಗೇ ಮಾತಾಡಲು ಬಿಡಿ ಎಂದು ಕೇಳುತ್ತೇನೆ.

ಈ ಮೀಲಾದಿಗೆ, ಈ ಕಲೋತ್ಸವಕ್ಕೆ ನಿಮ್ಮ ಮನೆಯ ಮಗು ಭಾಷಣ ಬರೆದುಕೊಡಿ ಎಂದು ಬಂದರೆ, ದಯವಿಟ್ಟು ಪೆನ್ನನ್ನು ಮಗುವಿನ ಕೈಗೇ ಕೊಡಿ. ಬರೆದದ್ದನ್ನು ಮೊದಲು ಮನೆಯಲ್ಲಿ ಎಲ್ಲರೂ ಕುಳಿತು ಕೇಳಿ.